ಯಂತ್ರ ನಿಲ್ಲಿಸಿದವರು ಯಾರು

ಮನುಷ್ಯರನ್ನು ಬಗೆಬಗೆಯಾಗಿ ವಿಂಗಡಿಸುವ ಚಟ ನನಗೆ ವಿಶ್ವವಿದ್ಯಾಲಯದಲ್ಲಿ ಹತ್ತಿತು. ಆಂಧ್ರದ ಆದೋನಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿಗೆ ಸೇರಿದ ಕೆಲವೇ ದಿನಗಳಲ್ಲಿ ಎಲ್ಲರ ಬಗ್ಗೆಯೂ ತೀರ್ಮಾನ ಮುಗಿದಿತ್ತು. ಮ್ಯಾನೇಜರು ಗದರುವವರು, ಮೇಸ್ತ್ರಿ ಬಾಗುವವರು. ಯಂತ್ರಕ್ಕೆ ಹತ್ತಿ ಹಾಕುವ ಹೆಂಗಸರ ಮುಂದಾಳು ಯಾರಿಗೂ ಹೆದರದವಳು. ನನ್ನನ್ನು ಯಾವ ಗುಂಪಿಗೆ ಸೇರಿಸಿಕೊಂಡಿದ್ದೆನೋ ನೆನಪಿಲ್ಲ. ಹಾಗೆ ನೆನಪಿಲ್ಲದಿರುವುದು ನನಗೆ ಅನುಕೂಲವೂ ಹೌದು.

ಮಿಲ್ಲಿನಲ್ಲಿ ಒಂದು ರೂಢಿಯಿತ್ತು. ಮ್ಯಾನೇಜರು ಮಿಲ್ಲಿನ ಒಡೆಯರಾದ ಸಾಹುಕಾರರ ಜೊತೆ ಫೋನಿನಲ್ಲಿದ್ದರೆ ಯಾರೂ ಒಳಗೆ ಬರುವಂತಿಲ್ಲ, ಬಾಗಿಲಲ್ಲೇ ನಿಲ್ಲಬೇಕು. ಮೇಸ್ತ್ರಿಯ ಮಾತಿಲ್ಲದೆ ಯಂತ್ರ ನಿಲ್ಲಿಸುವಂತೆಯೂ ಇಲ್ಲ. ಹಾಗೆ ನಿಲ್ಲಿಸಿದ್ದ ಹೆಂಗಸೊಬ್ಬಳನ್ನು ಹಿಂದೊಮ್ಮೆ ಕೆಲಸದಿಂದ ಬಿಡಿಸಿದ್ದರು.

ಆ ಮಧ್ಯಾಹ್ನ ಪತ್ತಿಕೊಂಡದ ಕಡೆಯಿಂದ ಬಂದ ಹತ್ತಿ ಹಸಿಯಾಗಿತ್ತು. ಹಸಿ ಹತ್ತಿ ರೋಲರಿಗೆ ಸುತ್ತಿಕೊಂಡರೆ ತಿಕ್ಕಾಟಕ್ಕೆ ಕಾದು ಹೊಗೆ ಏಳುತ್ತದೆ, ಪಕ್ಕದಲ್ಲೇ ಹತ್ತಿಯ ರಾಶಿ. ತೇವ ಅಳೆಯುವುದು ನನ್ನ ಕೆಲಸ, ಅಳೆದು ಮ್ಯಾನೇಜರಿಗೆ ಹೇಳಿದ್ದೆ.

"ನಡಿಪಿಂಚಂಡಿ, ಮಿಷನ್ ನಡಸ್ರಿ, ಏನಾಗಲ್ಲ. ಸಂಜಿಗೆ ಲಾರಿ ಹೋಗಬೇಕು" ಎಂದರು ಮ್ಯಾನೇಜರು.

"ಆಗ್ಲಿ ಸಾರ್" ಎಂದರು ಮೇಸ್ತ್ರಿ.

ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಬೆವರುತ್ತ ಬಾಗಿಲಿಗೆ ಬಂದು ನಿಂತರು. ಮ್ಯಾನೇಜರು ಸಾಹುಕಾರರ ಜೊತೆ ಮಾತಾಡುತ್ತಿದ್ದರು, ಅದೂ ಎದ್ದು ನಿಂತು. ಫೋನಿನಲ್ಲಿಯೂ ಅವರ ಮುಂದೆ ಕೂತವರಲ್ಲ. ಅದೇ ಕೋಣೆಯ ಮೂಲೆಯ ಮೇಜಿನಲ್ಲಿ ಕೂತಿದ್ದ ನನ್ನ ಮುಖವನ್ನು ಮೇಸ್ತ್ರಿ ನೋಡಿದರು. ಸುಟ್ಟ ವಾಸನೆ ನನಗೂ ಬಂತು. ನಾನು ಏಳಲು ಹೊರಟಿದ್ದೆ ಎಂದು ಈಗ ಅನ್ನಿಸುತ್ತದೆ. ಆ ನೆನಪು ಆಮೇಲೆ ನಾನೇ ಸೇರಿಸಿಕೊಂಡದ್ದೂ ಇರಬಹುದು. ಅಷ್ಟರಲ್ಲಿ ಯಂತ್ರದ ಸದ್ದು ಒಮ್ಮೆಲೇ ನಿಂತಿತು.

ಹೆಂಗಸರ ಮುಂದಾಳು ಕಾಲಲ್ಲಿ ಚಪ್ಪಲಿ ಇದ್ದ ಹಾಗೆಯೇ ಒಳಗೆ ಬಂದಳು.

"ಇಲ್ಲೇ ನಿಂತೀಯೇನಣ್ಣಾ? ಅಲ್ಲಿ ಹೊಗಿ ಏಳಾಕತ್ತಿತ್ತು. ಬಂದ್ ಮಾಡೀನಿ."

ಮ್ಯಾನೇಜರು ಫೋನಿನ ಮೇಲೆ ಅಂಗೈ ಮುಚ್ಚಿದರು. "ಎವರು ಚೆಪ್ಪಾರು ನೀಕು? ಯಾರು ಹೇಳಿದ್ರು ಬಂದ್ ಮಾಡಾಕ?"

ಆಕೆ ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ, "ನಾನಾ ಹೇಳೀನ್ರೀ ಸಾರ್" ಎಂದುಬಿಟ್ಟರು.

ಮ್ಯಾನೇಜರು ನನ್ನ ಕಡೆ ತಿರುಗಿದರು. "ಇವನು ಇಲ್ಲೇ ನಿಂತಿದ್ದನಲ್ಲ ಮೇಡಂ. ನೀವು ನೋಡ್ತಾ ಇದ್ರಿ."

ನಿಜ, ನೋಡುತ್ತಲೇ ಇದ್ದೆ. ಆಕೆಯ ಕೆಲಸ ಈಗ ನನ್ನ ನಾಲಿಗೆಯ ತುದಿಯಲ್ಲಿತ್ತು. ಮೊದಲ ಸಲ ಆಕೆಯ ಕಣ್ಣಲ್ಲಿ ಹೆದರಿಕೆ ಕಂಡೆ. "ಮೇಸ್ತ್ರಿ ಅವಳಿಗೆ ಹೇಳಿಯೇ ಬಂದರು ಸಾರ್" ಎಂದೆ. ಧ್ವನಿ ನನ್ನದೇ ಅನ್ನಿಸಲಿಲ್ಲ.

ಮ್ಯಾನೇಜರು ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಅಂಗೈ ತೆಗೆದು, ಬೆಣ್ಣೆಯಂಥ ದನಿಯಲ್ಲಿ ಫೋನಿಗೆ ಹೇಳಿದರು: "ಏಮೀ ಲೇದು ಸಾರ್, ಏನಿಲ್ಲ. ಹತ್ತಿ ಹಸಿ ಐತಿ, ಅದಕ್ಕ ನಾನೇ ಮಿಷನ್ ನಿಲ್ಲಿಸಿದೆ."

ಹೊರಗೆ ಬಂದ ಮೇಲೆ ಆಕೆ ಮೇಸ್ತ್ರಿಯನ್ನು ಕೆಣಕಿದಳು. "ಯಾವಾಗ ಹೇಳಿದ್ಯೋ ಯಣ್ಣಾ? ನನಗ ಕೇಳಸ್ಲೇ ಇಲ್ಲ!"

ಮೇಸ್ತ್ರಿ ನಗಲಿಲ್ಲ. "ಸುಮ್ನಿರವ್ವ. ಚಪ್ಲಿ ಹಾಕ್ಕೊಂಡು ಯಾಕ ಬಂದಿ ಒಳಗ?" ಎಂದರು.

ಮರುದಿನ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಬಿತ್ತು, ಕೀಲಿ ಮೇಸ್ತ್ರಿಯ ಕೈಗೆ. ಮ್ಯಾನೇಜರು ಕರೆದಾಗಲೆಲ್ಲ ಮೇಸ್ತ್ರಿ ಆ ಕೀಲಿಯನ್ನು ಮಾತಿಲ್ಲದೆ ಆಕೆಯ ಕೈಗಿಟ್ಟು ಬರುತ್ತಿದ್ದರು. ನಾನು ಅದನ್ನು ಕಾಣದವಳಂತೆ ತಲೆ ಬಗ್ಗಿಸಿ ತೇವ ಅಳೆಯುತ್ತಿದ್ದೆ.