ಕಣ್ಣು ಬರೆಯುವ ಫಕೀರಮ್ಮನೂ ಕಾಲುವೆ ದಾಟಿದ ಮೊಮ್ಮಗಳೂ

ಕಿನ್ನಾಳದ ಫಕೀರಮ್ಮನ ಮನೆಯಲ್ಲಿ ಗೊಂಬೆಗೆ ಕಣ್ಣು ಬರೆಯುವುದು ಅವಳೊಬ್ಬಳ ಹಕ್ಕು. ಮಗ ಕಟ್ಟಿಗೆ ಕೆತ್ತುತ್ತಾನೆ, ಸೊಸೆ ಹುಣಸೆ ಬೀಜದ ಅಂಟು ಕಾಸಿ ಮೈಗೆ ಬಣ್ಣ ಹಚ್ಚುತ್ತಾಳೆ. ಕಣ್ಣು ಮಾತ್ರ ಕೊನೆಗೆ, ಅದೂ ಫಕೀರಮ್ಮನ ಕುಂಚದಿಂದಲೇ. ಅವಳು ಬೀಗರೂರಿಗೆ ಹೋದರೆ ಗೊಂಬೆಗಳು ಅವಳು ಬರುವತನಕ ಕುರುಡಾಗಿ ಕೂತಿರುತ್ತವೆ. ಅರವತ್ತೆರಡು ವರ್ಷದ ಈ ಹೆಂಗಸಿಗೆ ತನ್ನ ಕೈಯ ಮೇಲೆ ಎಷ್ಟು ನಂಬಿಕೆಯೆಂದರೆ, ಊರಲ್ಲಿ ಯಾರ ಹೊಲಿಗೆ ಯಂತ್ರ ಕೆಟ್ಟರೂ ಕರೆಯದೆಯೇ ಹೋಗಿ ಬಿಚ್ಚಿ ಹರಡಿಬಿಡುತ್ತಿದ್ದಳು. ಅದರಲ್ಲಿ ಅರ್ಧ ಸರಿಹೋಗುತ್ತಿದ್ದವು. ಉಳಿದರ್ಧದ ಸುದ್ದಿ ಅವಳು ಎತ್ತುತ್ತಿರಲಿಲ್ಲ.

ಮಗಳನ್ನು ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ ಕೊಟ್ಟಿದ್ದಳು. ಆ ಮಗಳ ಮಗಳು ರೇಣುಕಾ, ಆಗ ಒಂಬತ್ತನೆಯ ತರಗತಿ. ಕಳೆದ ವರ್ಷ ಭತ್ತದ ನಾಟಿ ಕಾಲದಲ್ಲಿ, ಸಾಲೆಗೆ ರಜೆಯಿದ್ದ ಒಂದು ದಿನ, ತಾಯಿಯ ಜೊತೆ ನಾಟಿಗೆ ಹೊರಟಳು. ಹನ್ನೊಂದು ಜನರನ್ನು ತುಂಬಿಕೊಂಡ ಮೂರು ಗಾಲಿಯ ಟಂಟಂ ಕಾಲುವೆ ದಂಡೆಯ ಮೇಲೆ ಓಡುತ್ತಿತ್ತು. ಹೆಂಗಸರು ನಿಧಾನ ಹೋಗಪ್ಪಾ ಎಂದು ಕೂಗಿದರು. ಚಾಲಕ ಕೇಳಲಿಲ್ಲ. ತಿರುವಿನಲ್ಲಿ ಗಾಡಿ ಕಾಲುವೆಗೆ ಮಗುಚಿತು. ಎಲ್ಲರನ್ನೂ ಎಳೆದು ತೆಗೆದರು, ಕೊನೆಗೆ ಸಿಕ್ಕವಳು ಗಾಡಿಯ ಅಡಿಯಲ್ಲಿದ್ದ ರೇಣುಕಾ.

ಯಾರೂ ಸಾಯಲಿಲ್ಲವಲ್ಲ, ದೇವರು ದೊಡ್ಡವನು ಎಂದು ಊರೇ ನಿಟ್ಟುಸಿರು ಬಿಟ್ಟಿತು. ತಪ್ಪು ಶುರುವಾದದ್ದೇ ಅಲ್ಲಿ. ಯಾರೂ ಸತ್ತಿಲ್ಲವೆಂದ ಮೇಲೆ ಹುಡುಗಿಗೆ ಇನ್ನೇನು ರೋಗ ಎಂದು ಜನ ಕೇಳತೊಡಗಿದರು. ಕೊಡಕ್ಕೆ ನೀರು ಬೀಳುವ ಸದ್ದಿಗೆ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಮೈಮೇಲೆ ನೀರು ಸುರಿದುಕೊಳ್ಳಲಾರಳು, ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರೆ ಅದೇ ಸ್ನಾನ. ಗಾಡಿ ಎಂದರೆ ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮರಳಿಯಲ್ಲೋ ಯಾವ ಕಡೆ ಮುಖ ಮಾಡಿದರೂ ನೀರು. ಕಾಲುವೆಯಿಲ್ಲದ ಊರಲ್ಲಿ ನಾಲ್ಕು ದಿನ ಇರಲಿ ಎಂದು ತಂದೆ ವಿರುಪಣ್ಣ ಅವಳನ್ನು ಬೈಕಿನಲ್ಲಿ ತನ್ನ ಮತ್ತು ತನ್ನ ತಮ್ಮನ ನಡುವೆ ಕೂರಿಸಿಕೊಂಡು ಕಿನ್ನಾಳಕ್ಕೆ ತಂದ. ದಾರಿಯುದ್ದಕ್ಕೂ ಚೀರಿ ಚೀರಿ ಅವಳ ಗಂಟಲು ಕಟ್ಟಿಹೋಗಿತ್ತು. ಫಕೀರಮ್ಮ ಅಳಿಯನೆಂಬ ದಾಕ್ಷಿಣ್ಯ ಬಿಟ್ಟು ಅವನಿಗೆ ಉಗಿದು ಉಪ್ಪಿನಕಾಯಿ ಹಾಕಿದಳು. ಈ ಹುಡುಗಿ ತಾನಾಗಿ ಗಾಡಿ ಹತ್ತುವತನಕ ನಾನೂ ಯಾವ ಗಾಡಿಯನ್ನೂ ಹತ್ತುವುದಿಲ್ಲ ಎಂದು ಅಂಗಳದಲ್ಲಿ ನಿಂತು ಹುಲಿಗೆಮ್ಮನ ಮೇಲೆ ಆಣೆ ಮಾಡಿದಳು.

ನಿಂಬೆಹಣ್ಣು ನಿವಾಳಿಸಿದ್ದಾಯಿತು, ತಾಯಿತ ಕಟ್ಟಿದ್ದಾಯಿತು. ನಾಲ್ಕು ದಿನ ನಾಲ್ಕು ತಿಂಗಳಾಯಿತು. ಹುಡುಗಿ ತಾಯಿಯ ಮುಖ ನೆನೆದು ಅಳುತ್ತಿದ್ದಳು, ಮರಳಿಗೆ ಹೋಗೋಣವೆಂದರೆ ಕಂಬ ಹಿಡಿದು ನಿಲ್ಲುತ್ತಿದ್ದಳು. ಹೀಗೇ ಬಿಟ್ಟರೆ ಮನೆಯೂ ಹೋಯಿತು, ಹತ್ತನೆಯ ತರಗತಿಯೂ ಹೋಯಿತು. ಆಗ ಆಶಾ ಕಾರ್ಯಕರ್ತೆ ಪಂಪಮ್ಮ ಬಂದು ಕೊಪ್ಪಳದ ಜಾಸ್ಮೀನ ಮೇಡಂ ಹೆಸರು ಹೇಳಿದಳು. ಕುಷ್ಟಗಿಯ ಕಡೆಯವರು, ಮನಸ್ಸಿನ ಗಾಯಕ್ಕೆ ಚಿಕಿತ್ಸೆ ಕೊಡುವುದನ್ನು ಓದಿಕೊಂಡವರು. ಗುಳಿಗೆಯಿಲ್ಲ, ಸೂಜಿಯಿಲ್ಲ, ಕಣ್ಣು ಆಡಿಸಿ ಗುಣ ಮಾಡುತ್ತಾರಂತೆ. ಇಎಂಡಿಆರ್ ಅಂತಾರೆ.

ಕಣ್ಣು ಎಂದ ಕೂಡಲೇ ಫಕೀರಮ್ಮ ಕಿವಿ ನಿಮಿರಿಸಿದಳು. ನಲವತ್ತು ವರ್ಷ ಕಣ್ಣು ಬರೆದವಳಿಗೆ ತಿಳಿಯದ ಕಣ್ಣಿನ ವಿದ್ಯೆ ಯಾವುದದು? ಕಣ್ಕಟ್ಟೇನಾದರೂ ಇರಬಹುದೇ? ನೋಡಿಯೇ ಬಿಡೋಣವೆಂದು ಬುತ್ತಿ ಕಟ್ಟಿಕೊಂಡು ಮೊಮ್ಮಗಳ ಜೊತೆ ಕೊಪ್ಪಳಕ್ಕೆ ನಡೆದಳು. ಮೂರು ತಾಸಿನ ಹಾದಿ. ರಾತ್ರಿ ಅಲ್ಲಿಯೇ ಇದ್ದ ಫಕೀರಮ್ಮನ ತಮ್ಮನ ಮನೆಯಲ್ಲಿ ಉಳಿದು ಮರುದಿನ ಮತ್ತೆ ನಡೆದು ಬಂದರು. ವಾರವಾರವೂ ಹೀಗೇ. ಬಸ್ಸಿನ ಕಂಡಕ್ಟರ್ ಪಕ್ಕದಲ್ಲಿ ನಿಲ್ಲಿಸಿ ಕರೆದರೆ ಫಕೀರಮ್ಮ ಕೊಡೆ ಬೀಸಿ ಮುಂದೆ ಸಾಗಹಾಕುತ್ತಿದ್ದಳು.

ಜಾಸ್ಮೀನ ಮೊದಲೇ ಎಲ್ಲವನ್ನೂ ಬಿಡಿಸಿ ಹೇಳಿದಳು. ಹುಡುಗಿ ಎಚ್ಚರದಲ್ಲೇ ಇರುತ್ತಾಳೆ, ಮಂಪರು ಬರಿಸುವುದಿಲ್ಲ. ಆದದ್ದನ್ನೆಲ್ಲ ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ಬೇಡವೆನಿಸಿದರೆ ಕೈ ಎತ್ತಿದರೆ ಸಾಕು, ಅಲ್ಲಿಗೇ ನಿಲ್ಲುತ್ತದೆ. ಒಂದೆರಡು ದಿನ ಸುಸ್ತು ಅನ್ನಿಸಬಹುದು, ಕನಸು ಬೀಳಬಹುದು, ಬಿದ್ದರೆ ತನಗೆ ತಿಳಿಸಬೇಕು. ಮರಳಿಯ ತಂದೆತಾಯಿಯ ಒಪ್ಪಿಗೆಯನ್ನೂ ಫೋನಿನಲ್ಲಿ ಕೇಳಿದಳು. ಎಲ್ಲಾ ಸರಿ, ಆದರೆ ಮೂರು ವಾರ ಕಳೆದರೂ ಬರೀ ಮಾತು, ಉಸಿರಾಟ, ಮನಸ್ಸಿಗೆ ಹಿತವಾದ ಒಂದು ಜಾಗ ನೆನೆಸಿಕೊಳ್ಳುವುದು. ರೇಣುಕಾ ತನ್ನ ಆಯಿಯ, ಅಂದರೆ ಅಜ್ಜಿಯ, ಬಣ್ಣದ ಕೋಣೆಯನ್ನೇ ಆ ಜಾಗವೆಂದು ಆರಿಸಿಕೊಂಡಳು. ಮೂರನೆಯ ಸಲ ಮೇಡಂ ಎರಡು ಬೆರಳು ಎತ್ತಿ ಆಚೆ ಈಚೆ ಆಡಿಸಿ, ಮುಂದೆ ಹೀಗೆ ಮಾಡುತ್ತೇವೆ ಎಂದು ಬರೇ ತೋರಿಸಿದಳು.

ಫಕೀರಮ್ಮನ ಸಹನೆ ಅಲ್ಲಿಗೆ ತೀರಿತು. ಇಷ್ಟೇನಾ? ಇದಕ್ಕಾಗಿ ಕಾಲು ಸವೆಸಬೇಕೇ? ಮರುದಿನ ಮಧ್ಯಾಹ್ನ ಬಣ್ಣದ ಕೋಣೆಯಲ್ಲಿ ಮೊಮ್ಮಗಳನ್ನು ಮಣೆಯ ಮೇಲೆ ಕೂರಿಸಿ, ಕಣ್ಣು ಬರೆಯುವ ಕುಂಚ ಹಿಡಿದು, ಆ ಟಂಟಂ ನೆನಪಿಸಿಕೊಂಡು ಇದನ್ನೇ ನೋಡು ಎಂದಳು. ಕುಂಚ ಹತ್ತು ಸಲ ಆಚೆ ಈಚೆ ಹೋಗಿರಬಹುದು. ಹುಡುಗಿಯ ಉಸಿರು ಕಟ್ಟಿತು. ನೀರಿನಲ್ಲಿ ಬಿದ್ದವಳ ಹಾಗೆ ಕೈಬಡಿದಳು, ಬಣ್ಣದ ಬಟ್ಟಲುಗಳು ಉರುಳಿದವು, ಓಡಿ ಕಟ್ಟಿಗೆ ರಾಶಿಯ ಹಿಂದೆ ಮುದುಡಿ ಕೂತಳು. ಎರಡು ದಿನ ಮಾತಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅವಳು ಆ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗಿದ್ದ ಒಂದೇ ಹಿತವಾದ ಜಾಗವನ್ನು ಆಯಿಯೇ ಕೆಡಿಸಿದ್ದಳು. ಫಕೀರಮ್ಮ ಉರುಳಿದ ಬಟ್ಟಲುಗಳನ್ನು ಒಬ್ಬಳೇ ಎತ್ತಿಟ್ಟಳು. ಕುಂಚವನ್ನು ಜಂತಿಗೆ ಸಿಕ್ಕಿಸಿದವಳು ಮತ್ತೆ ಮುಟ್ಟಲಿಲ್ಲ.

ಮೂರನೆಯ ದಿನ ಒಬ್ಬಳೇ ಕೊಪ್ಪಳಕ್ಕೆ ನಡೆದಳು. ತಪ್ಪು ಒಪ್ಪಿಕೊಳ್ಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ, ಆದರೂ ಒಂದಕ್ಷರ ಮುಚ್ಚಿಡದೆ ಹೇಳಿದಳು. ಜಾಸ್ಮೀನ ಬೈಯಲಿಲ್ಲ.

"ಬೆರಳ ಆಡಸೂದು ಎಲ್ಲಾರಿಗೂ ಬರತೈತ್ರಿ ಆಯಿ," ಎಂದಳು. "ಅಂಜಿಕಿ ಬಾಗಲಾ ತೆಗದ ಮ್ಯಾಲ ಒಳಗ ಸಿಕ್ಕ ಹುಡುಗೀನ ಕೈಹಿಡದು ಹೊರಗ ಕರಕೊಂಡ ಬರಬೇಕಲ್ರಿ, ಅದನ್ನ ಕಲಿಯಾಕ ನನಗ ವರ್ಷಗಟ್ಲೆ ಹಿಡೀತು."

ಫಕೀರಮ್ಮ ತನ್ನ ಅಂಗೈ ನೋಡಿಕೊಂಡಳು.

"ತಳದ ಬಣ್ಣ ಇನ್ನೂ ಹಸಿ ಇತ್ರೀ," ಎಂದಳು. "ನಾ ಕಣ್ಣ ಬರಿಯಾಕ ಹೋದ್ನಿ."

ಆ ಮೂರು ವಾರ ಯಾಕೆ ಬೇಕಿತ್ತೆಂಬುದು ಅವಳಿಗೆ ಆಗಲೇ ಪೂರ್ತಿ ತಿಳಿದದ್ದು. ಕೆಟ್ಟದ್ದು ಸರಿಹೋದೀತೇ ಎಂದು ಕೇಳಿದಳು. ಸರಿಹೋಗುತ್ತದೆ, ಆದರೆ ಬರುವುದೋ ಬೇಡವೋ ಎಂಬುದನ್ನು ಹುಡುಗಿಯೇ ಹೇಳಬೇಕು, ಎಳೆದು ತರಬೇಡಿ ಎಂದಳು ಜಾಸ್ಮೀನ. ಊರಿಗೆ ಬಂದ ಫಕೀರಮ್ಮ ಮೊಮ್ಮಗಳ ಮುಂದೆ ಕೂತು, ನನ್ನದು ತಪ್ಪಾಯಿತವ್ವಾ, ನಿನ್ನ ಕೇಳದೆ ಮಾಡಿದೆ ಎಂದಳು. ಆ ಮನೆಯಲ್ಲಿ ಅಂಥ ಮಾತನ್ನು ಅವಳ ಬಾಯಿಂದ ಯಾರೂ ಕೇಳಿರಲಿಲ್ಲ. ಸೊಸೆ ಒಲೆಯ ಮುಂದೆಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಲ್ಕು ದಿನ ಬಿಟ್ಟು ರೇಣುಕಾ ತಾನಾಗಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು.

ಮೇಡಂ ಮತ್ತೆ ಮೊದಲಿನಿಂದ ಹಿಡಿದಳು. ಎರಡು ವಾರವಾದ ಮೇಲೆ ನಿಜವಾದ ಕೆಲಸ ಶುರುವಾಯಿತು. ಫಕೀರಮ್ಮ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದಳು, ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು. ಒಳಗೆ ಅರೆನಿಮಿಷ ಬೆರಳು ಆಡುತ್ತಿತ್ತು, ನಿಲ್ಲುತ್ತಿತ್ತು, ಈಗ ಏನು ಬಂತು ಎಂದು ಕೇಳುವ ದನಿ, ಸಣ್ಣ ಉತ್ತರ, ಮತ್ತೆ ಬೆರಳು. ಮೊದಲ ದಿನವೇ ರೇಣುಕಾ ಕೈ ಎತ್ತಿದಳು, ಬೆರಳು ಆ ಕ್ಷಣವೇ ನಿಂತಿತು. ದಾರಿಯಲ್ಲಿ ಬರುತ್ತ ಅದನ್ನೇ ಮೂರು ಸಲ ಹೇಳಿದಳು. ಅಂದು ಹನ್ನೊಂದು ಜನ ಕೂಗಿದರೂ ಟಂಟಂ ನಿಂತಿರಲಿಲ್ಲ, ಇಂದು ಅವಳೊಬ್ಬಳ ಕೈಗೆ ನಿಂತಿತ್ತು.

ಅಂಜಿಕೆ ಹತ್ತರಲ್ಲಿ ಎಷ್ಟು ಎಂದು ಮೇಡಂ ಪ್ರತಿಸಲ ಕೇಳುತ್ತಿದ್ದಳು. ಹತ್ತು ಇದ್ದದ್ದು ಎಂಟಕ್ಕೆ ಇಳಿಯಿತು, ಒಂದು ವಾರ ಮತ್ತೆ ಒಂಬತ್ತಕ್ಕೆ ಏರಿತು, ಆಮೇಲೆ ಐದು, ಮೂರು. ನೀರಿನಡಿಯ ಆ ಹೊತ್ತಿನಲ್ಲಿ ರೇಣುಕಾ ತಾನು ಸತ್ತೆ ಎಂದುಕೊಂಡಿದ್ದಳಂತೆ, ಅಂದಿನಿಂದಲೂ ಒಳಗೊಳಗೆ ಅದನ್ನೇ ನಂಬಿದ್ದಳು. ಆರನೆಯ ವಾರ ಬಾಗಿಲು ತೆರೆದು ಬಂದವಳ ಮುಖ ನೋಡಿಯೇ ಫಕೀರಮ್ಮ ಎದ್ದು ನಿಂತಳು.

"ಆಯಿ, ನಾ ಹೊರಗ ಬಂದೀನಿ," ಎಂದಳು ರೇಣುಕಾ. "ಅವತ್ತ ಬಂದೀನಿ. ನನಗ ಇವತ್ತ ಗೊತ್ತಾತು."

ಕಾಲುವೆಯನ್ನು ಅವಳು ಮರೆತಿರಲಿಲ್ಲ. ಆದರೆ ಅದೀಗ ಎಂದೋ ಆಗಿ ಮುಗಿದ ಸಂಗತಿಯಾಗಿತ್ತು. ಮನೆಗೆ ಬಂದವಳೇ ಬಣ್ಣದ ಕೋಣೆಗೆ ಹೋಗಿ ಜಂತಿಯಿಂದ ಕುಂಚ ತೆಗೆದು ಆಯಿಯ ಕೈಗೆ ಕೊಟ್ಟಳು. ಮರುದಿನ ಬೆಳಗ್ಗೆ ಬಚ್ಚಲಿನಲ್ಲಿ ತಂಬಿಗೆ ತಂಬಿಗೆ ನೀರು ಸುರಿಯುವ ಸದ್ದು ಕೇಳಿತು. ಫಕೀರಮ್ಮ ಕುಂಚ ಹಿಡಿದು ಹಾಗೇ ಕೂತಳು, ಅಳುತ್ತ, ನಗುತ್ತ.

ಮುಂದಿನ ವಾರ ರೇಣುಕಾ ಕೊಪ್ಪಳದಲ್ಲಿ ನಿಂತ ಟಂಟಂನಲ್ಲಿ ಐದು ನಿಮಿಷ ಕೂತು ಇಳಿದಳು. ಹತ್ತುವಾಗ ಆಯಿಯನ್ನು ಕೆಳಗೇ ನಿಲ್ಲಿಸಿದ್ದಳು, ಆಣೆಗೆ ಓಡುವ ಗಾಡಿ ಹತ್ತಿದರೇ ಲೆಕ್ಕ ಎಂದು. ತಿಂಗಳು ಕಳೆಯುವಷ್ಟರಲ್ಲಿ, ಮರಳಿಗೆ ಹೊರಡೋಣ ಎಂದು ಅವಳೇ ಹೇಳಿದಳು.

ಗಂಗಾವತಿಯತನಕ ಬಸ್ಸು, ಅಲ್ಲಿಂದ ಟಂಟಂ. ಫಕೀರಮ್ಮನ ಆಣೆ ತೀರಿತ್ತು, ಬೀಗಬೇಕಿತ್ತು. ಆದರೆ ಊರು ಸಮೀಪಿಸಿ ಕಾಲುವೆಯ ದಂಡೆ ಕಂಡದ್ದೇ ಅವಳ ಜಂಭವೆಲ್ಲ ಇಳಿಯಿತು. ತುಂಬಿ ಹರಿಯುವ ನೀರು, ಅದೇ ತಿರುವು. ಒಂದು ಕೈಯಲ್ಲಿ ಕಬ್ಬಿಣದ ಸರಳನ್ನೂ ಇನ್ನೊಂದರಲ್ಲಿ ಮೊಮ್ಮಗಳ ತೋಳನ್ನೂ ಬಿಗಿಯಾಗಿ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಹುಲಿಗೆಮ್ಮನ ಹೆಸರು ಹೇಳತೊಡಗಿದಳು. ರೇಣುಕಾ ಚಾಲಕನ ಭುಜ ತಟ್ಟಿ ನಿಧಾನ ಹೋಗಣ್ಣಾ ಎಂದಳು. ಗಾಡಿ ನಿಧಾನವಾಯಿತು. ತಿರುವಿನಾಚೆ, ಮನೆಯ ಮುಂದೆ, ಅವಳ ತಾಯಿ ಆಗಲೇ ರಸ್ತೆಗೆ ಬಂದು ನಿಂತಿದ್ದಳು.

"ಆಯಿ, ಕಣ್ಣ ತೆರಿ," ಎಂದಳು ರೇಣುಕಾ. "ದಾಟೀವಿ."