ಚಕ್ಕಡಿ ಹಾಯುವಷ್ಟು ಅಗಲ

ಮುಂಬೈಯ ಆಂಟಾಪ್ ಹಿಲ್‌ನಲ್ಲಿ ನಮ್ಮ ಕಡೆಯವರ ಗುಡಿಸಲುಗಳೇ ಒಂದು ಓಣಿಯಾಗಿದ್ದ ದಿನಗಳವು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಿಜಾಪುರದ ಕಡೆಯಿಂದ ಬಂದ ನಮ್ಮ ಗಂಡಸರು ಹಗಲೆಲ್ಲ ಯಾರದೋ ಬಿಲ್ಡಿಂಗ್ ಕಟ್ಟಿ, ಸಂಜೆ ಕೆಸರು ತುಳಿದುಕೊಂಡು ಮನೆ ಸೇರುತ್ತಿದ್ದರು. ನೀರನ್ನು ಬಹಳ ದೂರದಿಂದ ಹೊತ್ತು ತರಬೇಕಿತ್ತು. ಒಂದು ಮಳೆಗಾಲ, ಪಕ್ಕದ ಮನೆಯ ನೀಲವ್ವ ದೊಡ್ಡವ್ವನ ಸೊಸೆ ತುಂಬಿದ ಕೊಡದೊಂದಿಗೆ ಆ ಕೆಸರಿನಲ್ಲಿ ಜಾರಿ ಬಿದ್ದು, ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡಳು.

ಓಣಿಗೆ ಕಾಂಕ್ರೀಟು ಹಾಕಿಸಿ ನಳ ತರಿಸಿಯೇ ಸೈ ಎಂದು ದೊಡ್ಡವ್ವ ಹಟ ಹಿಡಿದದ್ದು ಆಗ. ಪೈಪಿನ ಖರ್ಚು ನೀವೇ ಹಾಕಿಕೊಂಡರೆ ನೋಡೋಣ ಎಂದರು ಮುನ್ಸಿಪಾಲ್ಟಿ ಆಫೀಸಿನವರು. ಕಟ್ಟಿಗೆ ಅಡ್ಡೆಯ ಸೇಠ್ ಒಬ್ಬ ಎಲ್ಲ ಖರ್ಚೂ ತನ್ನದೆಂದ. ಓಣಿಯ ಬಾಯಿಗೆ ಅವನ ಹೆಸರಿನ ಬೋರ್ಡು ಹಾಕಿದರಾಯಿತಂತೆ.

“ಹ್ಞೂಂ ಅನ್ನೂನು ನೀಲಕ್ಕ, ನಮ್ಮದೇನ ಹೋಗತೈತಿ?” ಎಂದ ಅಪ್ಪ.

“ಅವನ ರೊಕ್ಕ ಬಂದ್ರ ಓಣಿ ಅವಂದಾಗತೈತಿ. ನಾಳೆ ಏಳ್ರಿ ಅಂದ್ರ ಏಳಬೇಕು. ಮನಿಗೊಂದು ಹಿಡಿ ಹಿಟ್ಟು ತಗದಿಡ್ರಿ, ಸಾಕು.”

ಊರಲ್ಲಿ ಮಠಕ್ಕೆಂದು ದಿನಾ ಹಿಡಿ ಹಿಟ್ಟು ತೆಗೆದಿಡುವುದಿತ್ತು. ಅದನ್ನೇ ದೊಡ್ಡವ್ವ ಓಣಿಗೆ ತಿರುಗಿಸಿದಳು. ಅವ್ವ ಜೋಳದ ಹಿಟ್ಟು ನಾದುವ ಮೊದಲು ಒಂದು ಹಿಡಿ ಗಡಿಗೆಗೆ ಹಾಕುತ್ತಿದ್ದಳು. ಸೋಮವಾರ ದೊಡ್ಡವ್ವ ಬಂದು ಎಲ್ಲರ ಗಡಿಗೆ ಬರಿದು ಮಾಡಿ, ಹಿಟ್ಟನ್ನು ಖಾನಾವಳಿಗೆ ಮಾರುತ್ತಿದ್ದಳು. ರೇಷನ್ನಿನ ಕಾಲ. ನನ್ನ ಪಾಲಿನ ರೊಟ್ಟಿ ಎರಡಿದ್ದದ್ದು ಒಂದೂವರೆಗೆ ಇಳಿಯಿತು.

“ಇನ್ನರ್ಧ ಕೊಡ ಯವ್ವಾ.”

“ಆ ಅರ್ಧ ಓಣಿ ತಿಂದೈತಿ, ನೀರು ಕುಡದು ಏಳು.”

ಆ ಓಣಿಯ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ದಿನಾ ಶಾಲೆಗೆ ಹೋಗುವಾಗ ಅದಕ್ಕೊಂದು ಒದೆ ಕೊಟ್ಟೇ ಹೋಗುತ್ತಿದ್ದೆ.

ಕೊನೆಗೂ ಸಿಮೆಂಟು ಬಂತು. ಭಾನುವಾರ ಗಂಡಸರು ಗುದ್ದಲಿ ಹಿಡಿದಾಗ ದೊಡ್ಡವ್ವ ಇನ್ನೊಂದು ತಕರಾರು ತೆಗೆದಳು. “ಓಣಿ ಅಂದ್ರ ಚಕ್ಕಡಿ ಹಾಯಬೇಕು. ಇದೇನು ಬೆಕ್ಕು ನುಸುಳೂ ಸಂದಿ?”

“ಮುಂಬೈದಾಗ ಚಕ್ಕಡಿ ಎಲ್ಲಿಂದ ಬರತಾವ ನೀಲಕ್ಕ?” ಎಂದು ಅಪ್ಪ ನಕ್ಕ. ಆದರೂ ಎಲ್ಲರೂ ಒಪ್ಪಿದರು. ಎತ್ತಿನ ಗಾಡಿ ಹಾಯದ ದಾರಿಯನ್ನು ಓಣಿಯೆಂದು ಕರೆಯಲು ಅವರಿಗೂ ಮನಸ್ಸಿರಲಿಲ್ಲ. ಪ್ರತಿ ಮನೆಯೂ ಮೊಳದಷ್ಟು ಹಿಂದೆ ಸರಿಯಿತು. ನಮ್ಮ ಒಲೆ ಹಾಸಿಗೆಯ ಪಕ್ಕಕ್ಕೆ ಬಂತು. ಹಸಿ ಸಿಮೆಂಟಿನ ವಾಸನೆಯಲ್ಲೇ ನಾವು ಹುಡುಗಿಯರು ಕುಂಟಾಬಿಲ್ಲೆಯ ಮನೆ ಬರೆದೆವು. ನಳ ಬಂದ ದಿನ ಗಂಗಿಪೂಜೆ ಮಾಡಿ, ಗೋಧಿ ಹುಗ್ಗಿ ಹಂಚಿ, ಮೊದಲ ಕೊಡವನ್ನು ದೊಡ್ಡವ್ವ ಸೊಸೆಯಿಂದಲೇ ತುಂಬಿಸಿದಳು. ಸೊಸೆ ಅತ್ತಳು. ಅವ್ವನೂ ಅತ್ತಳು. ಹುಗ್ಗಿ ತಿನ್ನುತ್ತಿದ್ದ ನನಗೆ ಇದರಲ್ಲಿ ಅಳುವುದೇನೆಂದು ತಿಳಿಯಲಿಲ್ಲ.

ಮರುವರ್ಷ ಜಾಗ ಖಾಲಿ ಮಾಡಿಸಲು ಮುನ್ಸಿಪಾಲ್ಟಿಯ ಲಾರಿಗಳು ಬಂದವು. ಪಕ್ಕದ ಗಲ್ಲಿ ಇಕ್ಕಟ್ಟು, ಲಾರಿ ತಿರುಗಲಿಲ್ಲ. ಅಲ್ಲಿಯ ಜನ ಗಲ್ಲಿಯ ಬಾಯಿಗೆ ಅಡ್ಡ ನಿಂತರು, ಲಾರಿಯವರು ಬೈದು ಹಿಂದೆ ಸರಿದರು. ನಮ್ಮ ಓಣಿಯಲ್ಲಿ ಮಾತ್ರ ಲಾರಿ ಒಂದು ಗೋಡೆಗೂ ತಾಗದೆ ದೊಡ್ಡವ್ವನ ಬಾಗಿಲವರೆಗೆ ಸಲೀಸಾಗಿ ಬಂದು ನಿಂತಿತು.

“ನಾನ ಹಾದಿ ಮಾಡಿ ಕೊಟ್ಟೆನಲ್ಲೋ ತಮ್ಮಾ,” ಎಂದು ದೊಡ್ಡವ್ವ ಅಪ್ಪನ ಕೈ ಹಿಡಿದಳು. ಸೇಠ್‌ನ ಬೋರ್ಡು ಇದ್ದಿದ್ದರೆ ಉಳಿಯುತ್ತಿದ್ದೆವೇನೋ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ದೊಡ್ಡವ್ವನೆದುರು ಮಾತ್ರ ಒಮ್ಮೆಯೂ ಆ ಮಾತೆತ್ತಲಿಲ್ಲ.

ಮಾನ್‌ಖುರ್ದ್‌ನಾಚೆಯ ಬಯಲಲ್ಲಿ, ಮುಂಬೈಯ ಅಂಚಿಗೆ, ನಮ್ಮನ್ನು ಇಳಿಸಿದರು. ಮರುದಿನ ಬೆಳಿಗ್ಗೆ ಮೂರು ಕಲ್ಲಿಟ್ಟು ಒಲೆ ಹೂಡಿದ ಅವ್ವ, ರೂಢಿಯಂತೆ ಒಂದು ಹಿಡಿ ಹಿಟ್ಟು ಪಕ್ಕಕ್ಕೆ ತೆಗೆದಳು. ಹತ್ತಿರವೇ ಕೂತಿದ್ದ ದೊಡ್ಡವ್ವ ಅದನ್ನು ಹಿಟ್ಟು ನಾದುವ ಪರಾತದೊಳಗೆ ಸುರಿದುಬಿಟ್ಟಳು.

“ಬ್ಯಾಡ ಬಿಡವಾ. ಹುಡುಗಿಗೆ ರೊಟ್ಟಿ ಬಡಿ.”

ಎಷ್ಟೋ ದಿನ ಬೇಡಿದ್ದ ಆ ಅರ್ಧ ರೊಟ್ಟಿ ಅಂದು ನನ್ನ ತಾಟಿಗೆ ಬಂತು. ಅದನ್ನು ತಾಟಿನಲ್ಲೇ ಬಿಟ್ಟು ಎದ್ದೆ.

ಈಗ ಚೆಂಬೂರಿನ ಬಿಲ್ಡಿಂಗೊಂದರಲ್ಲಿದ್ದೇನೆ. ನಳ ತಿರುವಿದರೆ ನೀರು ಬರುತ್ತದೆ. ಮೇಂಟೆನನ್ಸ್ ಬ್ಯಾಂಕಿನಿಂದ ತಾನಾಗಿ ಹೋಗುತ್ತದೆ. ಎದುರು ಬಾಗಿಲಿನವರ ಹೆಸರು ನನಗೆ ಗೊತ್ತಿಲ್ಲ. ತಾಟಿನಲ್ಲಿ ಎರಡೂ ರೊಟ್ಟಿ ಇರುತ್ತವೆ. ಅರ್ಧ ಬಿಟ್ಟುಕೊಡೋಣವೆಂದರೆ ನನಗೀಗ ಓಣಿಯೇ ಇಲ್ಲ.