ಕಾಯಿ ಬಿದ್ದರೂ ಒಡೆಯದ ನೆಲ

ನಮ್ಮ ಮನೆಯ ನೆಲ ಬದಲಾಯಿಸುವ ಮಾತು ಎದ್ದಿದ್ದು ಅಕ್ಕನ ಫೋನಿನಿಂದ. ತುರುವೇಕೆರೆಗೆ ಕೊಟ್ಟ ಅಕ್ಕ ಹಬ್ಬಕ್ಕೆ ಬಂದವಳು ಮನೆಯ ಮುಂದೆ ನಿಂತು ತಾರಸಿ, ಕಿಟಕಿಯ ಮೇಲಿನ ತೆಳ್ಳನೆ ಸಜ್ಜೆ, ವರಾಂಡದ ದುಂಡು ಮೂಲೆ ಎಲ್ಲದರ ಫೋಟೊ ಹೊಡೆದುಕೊಂಡು ಒಳಗೆ ಬಂದಳು.

"ಅಪ್ಪಾ, ಈ ಥರ ಹಳೇ ಸ್ಟೈಲ್ ಮನೆಗೆ ಮಿಡ್ ಸೆಂಚುರಿ ಮಾಡರ್ನ್ ಅಂತಾರಂತೆ. ಈಗ ಇದೇ ಫ್ಯಾಷನ್ನು. ನೆಲ ಒಂದು ಸರಿ ಮಾಡ್ಸಿದ್ರೆ ನೋಡೋ ಹಂಗಿರ್ತದೆ."

"ಮಾಡರ್ನೂ ಇಲ್ಲ ಗೀಡರ್ನೂ ಇಲ್ಲ ಕಣಮ್ಮ," ಅಂದ ಅಪ್ಪ. "ನಮ್ಮಪ್ಪ ತಿಪಟೂರಲ್ಲಿ ಯಾರದೋ ಬಂಗ್ಲೆ ನೋಡ್ಕೊಂಡು ಬಂದು ಕಟ್ಸಿದ್ದು."

ಅಂದರೆ ನಕಲು ಮಾಡುವುದು ನಮ್ಮ ವಂಶದಲ್ಲಿ, ಕಂಡವರನ್ನೆಲ್ಲ ಅಣಕಿಸಿ ತೋರಿಸುವ ನನ್ನಿಂದ ಶುರುವಾದ ಕಾಯಿಲೆಯಲ್ಲ. ಆದರೆ ತಾತ ಪೂರ್ತಿ ನಕಲು ಮಾಡಿರಲಿಲ್ಲ. ಹೊರಗೆ ಬಂಗಲೆ, ಒಳಗೆ ಹಜಾರದ ಅರ್ಧಕ್ಕೆ ಕೊಬ್ಬರಿ ಅಟ್ಟ. ತೆಂಗಿನಕಾಯಿಗಳು ಸಿಪ್ಪೆಸಮೇತ ಆ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾದ ಮೇಲೆ, ಅಟ್ಟದ ಬಾಯಿಂದ ಹಜಾರಕ್ಕೆ ಧುಮುಕುತ್ತವೆ. ಕೆಳಗೆ ಗೋಣಿಚೀಲ ಹಾಸಿರುತ್ತೇವೆ. ಚೀಲದ ಮೇಲೇ ಬೀಳುತ್ತೇವೆಂದು ಕಾಯಿಗಳೇನೂ ಮಾತು ಕೊಟ್ಟಿಲ್ಲ. ಹೀಗೆ ಬಿದ್ದು ಬಿದ್ದು, ತಾತ ಹಾಕಿಸಿದ್ದ ರೆಡ್ ಆಕ್ಸೈಡಿನ ಕೆಂಪು ನೆಲ ನಡುವೆ ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಇರುವೆಗಳು ಸಂಸಾರ ಹೂಡಿದ್ದವು. ಗೋಡೆಗುಂಟ ಎಳೆದಿದ್ದ ಗೇಣಗಲದ ಕಪ್ಪು ಪಟ್ಟಿ ಮಾತ್ರ ಇನ್ನೂ ಗಟ್ಟಿಯಾಗಿತ್ತು.

ನಮ್ಮಜ್ಜಿ, ಅಂದರೆ ಅಪ್ಪನ ತಾಯಿಗೆ, ಕೆಲವು ವರ್ಷದಿಂದ ಕಣ್ಣು ಕಾಣುವುದಿಲ್ಲ. ಆದರೂ ದಿನಾ ಹಜಾರದ ಮಂಚದಿಂದೆದ್ದು, ಗೋಡೆ ಪಕ್ಕದಲ್ಲೇ ನಿಧಾನಕ್ಕೆ ನಡೆದು, ಒಬ್ಬಳೇ ಹಿತ್ತಿಲಿಗೆ ಹೋಗುತ್ತಾಳೆ. ಅಲ್ಲಿ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ತೀರ್ಪು ಕೊಡುತ್ತಾಳೆ: "ಇದು ಆಗೈತೆ. ಇದಿನ್ನೂ ನೀರು, ಮ್ಯಾಕ್ ಹಾಕ್ಲಾ." ನೀರು ಅನ್ನಿಸಿಕೊಂಡ ಕಾಯಿ ಮತ್ತೆ ಮೇಲೆ ಅಟ್ಟಕ್ಕೆ ಹೋಗುತ್ತದೆ. ನಡೆಸಲು ಹೋದರೆ, "ಕೈ ಬುಡ್ಲಾ, ನಾನೇನು ಹೊಸ ಸೊಸೆಯಾ?" ಆ ಓಡಾಟ ನಿಂತರೆ ಅಜ್ಜಿ ಮಂಚ ಹಿಡಿಯುತ್ತಾಳೆಂದು ನಮಗೆಲ್ಲ ಗೊತ್ತಿತ್ತು. ಅದಕ್ಕೇ ನಮ್ಮ ಮನೆಯಲ್ಲಿ ಯಾರೂ ಒಂದು ಕುರ್ಚಿಯನ್ನೂ ಜಾಗ ಬದಲಿಸುವುದಿಲ್ಲ.

"ನೆಲಕ್ಕೆ ಏನು ಹಾಕ್ಸನವ್ವಾ?" ಅಂತ ಅಪ್ಪ ಕೇಳಿದ.

"ನಂಗೇನ್ ಕಾಣ್ತದಾ? ಕಣ್ಣಿರೋರು ಆರಿಸ್ಕಳಿ," ಅಂದಳು ಅಜ್ಜಿ.

ಕಣ್ಣಿದ್ದ ನಾವು ಮೂವರು, ಅಪ್ಪ, ಅಕ್ಕ ಮತ್ತು ನಾನು, ತಿಪಟೂರಿನ ಟೈಲ್ಸ್ ಅಂಗಡಿಗೆ ಹೋದೆವು. ಅಪ್ಪನ ಕೈಯಲ್ಲೊಂದು ಬಟ್ಟೆ ಚೀಲ. ಅಂಗಡಿಯ ಭಾಯ್ ಬೆಳ್ಳಗೆ ಹೊಳೆಯುವ ಟೈಲ್ಸ್ ಒಂದನ್ನು ಮುಂದಿಟ್ಟು, "ನೋಡಿ ಯಜಮಾನ್ರೇ, ಇದ್ರಲ್ಲಿ ಮುಖ ನೋಡ್ಕೊಂಡು ಶೇವಿಂಗ್ ಮಾಡ್ಕೋಬಹುದು," ಅಂದರು. ಅಪ್ಪ ಚೀಲದಿಂದ ಸುಲಿದ ಕಾಯಿಯೊಂದನ್ನು ತೆಗೆದು, ತಲೆಯ ಮೇಲೆತ್ತಿ, ಕೈಬಿಟ್ಟ.

ಫಟ್!

"ಅರೆ ಯಜಮಾನ್ರೇ! ಇದು ಟೈಲ್ಸ್ ಅಂಗ್ಡಿ, ಈಡುಗಾಯಿ ಒಡೆಯೋ ಜಾಗ ಅಲ್ಲ!"

"ನಮ್ಮನೇಲಿ ಮಳೆ ಸುರಿದಂಗೆ ಸುರೀತವೆ ಕಣಪ್ಪ ಇವು. ತಡ್ಕಳೋದು ತೋರ್ಸು."

ಅಟ್ಟದಿಂದ ಬೀಳುವ ಕಾಯಿಗೆ ಸಿಪ್ಪೆ ಇರುತ್ತದಲ್ಲಪ್ಪ ಎಂದು ನಾನು ಪಿಸುಗುಟ್ಟಿದೆ. ಪರೀಕ್ಷೆ ಅಂದ ಮೇಲೆ ಕಷ್ಟದ್ದೇ ಇರಬೇಕು ಅಂದ. ಸಿಮೆಂಟಿನಲ್ಲಿ ಕೂರಿಸಿದ ಮೇಲೆ ಹೀಗೆಲ್ಲ ಒಡೆಯುವುದಿಲ್ಲವೆಂದು ಭಾಯ್ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವರೇ ನಕ್ಕುಬಿಟ್ಟರು. "ಕಾಯಿಗೇನೂ ಆಗ್ಲಿಲ್ಲ, ನನ್ ಟೈಲ್ಸ್ ಎರಡು ಹೋಳು. ನೀವು ಕಾಯಿನೇ ಹಾಸ್ಕೊಳ್ಳಿ ಸಾಹೇಬ್ರೆ, ಗ್ಯಾರಂಟಿ ನಾನ್ ಕೊಡ್ತೀನಿ."

ಅಕ್ಕ ಮೆಚ್ಚಿದ್ದು ಮರದ ಹಲಗೆಯಂತೆ ಕಾಣುವ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಕಾಯಿ ಪುಟಿದು, ಉರುಳಿ, ಭಾಯ್ ಮೇಜಿನ ಕೆಳಗೆ ಹೋಗಿ ಅಡಗಿತು. ನಾನು ಆರಿಸಿದ್ದು ಚದುರಂಗದ ಹಾಸಿನಂಥ ಕಪ್ಪು ಬಿಳುಪಿನ ಟೈಲ್ಸ್. ಅದರ ಮೇಲೆ ನಿಂತರೆ ಫೋಟೊದಲ್ಲಿ ನಾನು ಚೆನ್ನಾಗಿ ಕಾಣುತ್ತೇನೆ ಎಂಬುದಷ್ಟೇ ನನ್ನ ಕಾರಣ. ಅದರ ಮೇಲೆ ಅಪ್ಪ ಕಾಯಿಯನ್ನೂ ಬೀಳಿಸಲಿಲ್ಲ. ಕಾಯಿಗೂ ಒಂದು ಮರ್ಯಾದೆ ಇದೆಯಂತೆ.

ಅಂಗಡಿಯ ಹಿಂದೆ ಒರಗಿಸಿಟ್ಟಿದ್ದ ಬೂದು ಗ್ರಾನೈಟ್ ಮಾತ್ರ "ಠಣ್" ಅಂತ ಉತ್ತರ ಕೊಟ್ಟಿತು. ಅಪ್ಪನ ಮುಖ ಅರಳಿತು. ಗೋಡೆಯಿಂದ ಗೋಡೆಗೆ ಗ್ರಾನೈಟು. ಹಳೆಯ ನೆಲ ಒಡೆಯಲು ಮುಂದಿನ ವಾರ ಮೇಸ್ತ್ರಿ ಬರುವುದೆಂದು ಅಲ್ಲಿಂದಲೇ ಫೋನಿನಲ್ಲಿ ನಿಗದಿಯಾಯಿತು.

ಸಂಜೆ ಮನೆಯಲ್ಲಿ ನನ್ನ ಪ್ರದರ್ಶನ. ಭಾಯ್ ಎದೆ ಹಿಡಿದುಕೊಂಡದ್ದು, ಅಪ್ಪ ಕಾಯಿ ಎತ್ತಿದ್ದು, ಅಕ್ಕ ಪ್ಲಾಸ್ಟಿಕ್ ಹಾಳೆಯನ್ನು ಸವರಿದ್ದು, ಎಲ್ಲ ಮಾಡಿ ತೋರಿಸಿದೆ. ಮುದ್ದೆ ತೊಳಸುತ್ತಿದ್ದ ಅಮ್ಮ ಕೋಲು ಹಿಡಿದೇ ಹಜಾರಕ್ಕೆ ಬಂದಳು. ತನ್ನ ನಕಲು ನೋಡಿ ಉರಿದುಕೊಂಡ ಅಕ್ಕ, "ಎಲ್ಲಿ, ಅಜ್ಜಿ ಥರ ನಡಿ ನೋಡನ," ಅಂದಳು.

"ನಡೀಲಿ ಬುಡು, ನಂಗೆ ಹೆಂಗೂ ಕಾಣಲ್ಲ," ಅಂತ ಮಂಚದಿಂದಲೇ ಅಜ್ಜಿ ಅನುಮತಿ ಕೊಟ್ಟಳು.

ನಾನು ಬೆನ್ನು ಬಗ್ಗಿಸಿ, ಒಂದು ಕೈ ಸೊಂಟಕ್ಕಿಟ್ಟು, ಮಂಚದ ಬಳಿಯಿಂದ ಗೋಡೆ ಪಕ್ಕದಲ್ಲೇ ಹೊರಟೆ. "ಕಣ್ ಬುಟ್ಕೊಂಡವ್ನೆ, ಮೋಸ!" ಅಂದಳು ಅಮ್ಮ. ಗಟ್ಟಿಯಾಗಿ ಮುಚ್ಚಿಕೊಂಡೆ. ಎರಡು ಹೆಜ್ಜೆ ಇಟ್ಟಿರಬೇಕು, ಬರಿಗಾಲಿನ ಹೆಬ್ಬೆರಳು ಏನಕ್ಕೋ ಸಿಕ್ಕಿತು. ಕೆಂಪು ನೆಲಕ್ಕೂ ಕಪ್ಪು ಪಟ್ಟಿಗೂ ನಡುವೆ, ಗಾರೆ ಹಸಿಯಿದ್ದಾಗ ನೂಲು ಒತ್ತಿ ಎಳೆದ ಗೆರೆ. ಹುಟ್ಟಿದಾಗಿನಿಂದ ತುಳಿದಿದ್ದೇನೆ, ಅಂಥದ್ದೊಂದು ಇದೆಯೆಂದು ಕಾಲಿಗೆ ಗೊತ್ತಾದದ್ದು ಅಂದೇ. ಬೆರಳು ಅದರಲ್ಲೇ ಜಾರುತ್ತಾ ಹೋಯಿತು. ಮೂಲೆಯಲ್ಲಿ ಗೆರೆ ತಿರುಗಿತು, ನಾನೂ ತಿರುಗಿದೆ. ಗೆರೆ ಮುಗಿದಲ್ಲಿ ಕಣ್ಣು ಬಿಟ್ಟರೆ ಹಿತ್ತಿಲ ಬಾಗಿಲಲ್ಲಿದ್ದೆ.

ಹಿಂದೆ ಎಲ್ಲರೂ ನಗುತ್ತಿದ್ದರು. ನನಗೆ ನಗು ಬರಲಿಲ್ಲ.

"ಅಜ್ಜಿ, ನೀನು ಈ ಗೆರೆ ಹಿಡ್ಕೊಂಡು ಓಡಾಡ್ತೀಯಾ?"

"ಇನ್ನೇನ್ ಮತ್ತೆ? ರೈಲು ಕಂಬಿ ಬುಟ್ಟು ಓಡ್ತದಾ?"

ಅಪ್ಪನ ನಗು ನಿಂತಿತು. "ನೆಲ ಎಲ್ಲ ಒಡಿಸ್ತೀವಿ ಅಂದಾಗ ಯಾಕವ್ವಾ ಹೇಳ್ಲಿಲ್ಲ?"

"ಒಂದು ಕಾಲ್ಬೆರಳಿಗೋಸ್ಕರ ಮನೆ ನೆಲ ನಿಲ್ಲಿಸ್ತಾರೇನಪ್ಪಾ? ಹೊಸ್ದು ಆಗ್ಲಿ ಬುಡು. ಮಂಚ ಐತಲ್ಲ, ಕೂತಿರ್ತೀನಿ."

ಆ ಮಾತನ್ನು ನಾನು ಇವತ್ತಿಗೂ ಯಾರಿಗೂ ನಕಲು ಮಾಡಿ ತೋರಿಸಿಲ್ಲ.

ಅಪ್ಪ ಎದ್ದ. ಪಂಚೆ ಎತ್ತಿ ಕಟ್ಟಿ, ಕಣ್ಣು ಮುಚ್ಚಿ, ತಾನೂ ಗೆರೆ ಹಿಡಿದು ಹೊರಟ. ಗಂಭೀರವಾಗಿ ಹೋಗಿ, ಮೂಲೆಯಲ್ಲಿ ತಿರುಗುವುದನ್ನು ಮರೆತು, ರಾಗಿ ಡ್ರಮ್ಮಿಗೆ ಢಣ್ ಅಂತ ಗುದ್ದಿದ. ಸುಲಿದ ಕಾಯಿಗಿಂತ ಒಳ್ಳೆಯ ಸದ್ದು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಜ್ಜಿ.

"ನಡುವೆ ಮಾತ್ರ ಗ್ರಾನೈಟು," ಅಂದ ಅಪ್ಪ, ಹಣೆ ಉಜ್ಜಿಕೊಳ್ಳುತ್ತಾ. "ಸುತ್ತ ಒಂದು ಮೊಳ ಹಂಗೇ ಇರ್ಲಿ. ಆ ಗೆರೆಗೆ ಯಾವನಾದ್ರೂ ಉಳಿ ಮುಟ್ಟಿಸ್ಲಿ, ನೋಡ್ಕತೀನಿ."

ಮೇಸ್ತ್ರಿ ಗೊಣಗಿದರು. ಹಳೇ ಸೀರೆ ಅಂಚಿಗೆ ಹೊಸ ಒಡಲು ಹಚ್ಚಿದಂಗೆ ಕಾಣ್ತದೆ ಅಂದರು. ಅಕ್ಕ ಮಾತ್ರ ಫೋಟೊ ತೆಗೆದು, ಮಿಡ್ ಸೆಂಚುರಿಗೆ ಬಾರ್ಡರ್ ಚೆನ್ನಾಗಿ ಒಪ್ಪುತ್ತದೆಂದು ಸರ್ಟಿಫಿಕೇಟು ಕೊಟ್ಟಳು.

ಕೆಲಸ ಮುಗಿದು ಧೂಳು ಗುಡಿಸಿದ ಬೆಳಿಗ್ಗೆ ಅಜ್ಜಿ ಮಂಚದಿಂದೆದ್ದಳು. ಎಲ್ಲರೂ ಇಲ್ಲದ ಕೆಲಸ ಹುಡುಕಿಕೊಂಡು ಹಜಾರದಲ್ಲೇ ಇದ್ದೆವು. ಅವಳ ಹೆಬ್ಬೆರಳು ಅತ್ತಿತ್ತ ಹುಡುಕಿತು, ಗೆರೆ ಸಿಕ್ಕಿತು, ಹೊರಟಿತು. ಮೂಲೆ ತಿರುಗಿತು. ಸ್ವಲ್ಪ ಹೊತ್ತಿಗೆ ಹಿತ್ತಿಲಿನಿಂದ ಕಾಯಿ ಅಲ್ಲಾಡಿಸುವ ಗೊಟಗೊಟ ಕೇಳಿಸಿತು. ಹಿಂದೆಯೇ ನನಗೆ ಕರೆ.

"ಲೇ, ಅವತ್ತು ನನ್ ಥರ ನಡೆದ್ಯಲ್ಲ, ಎಡಗಾಲಲ್ಲಿ ಗೆರೆ ಹಿಡಿದೆ ಕಣ್ಲಾ. ನಾನು ಹಿಡಿಯೋದು ಬಲಗಾಲಲ್ಲಿ. ನಕಲು ಮಾಡೋನು ನೆಟ್ಟಗೆ ಮಾಡ್ಬೇಕು."

"ಕಾಣಲ್ಲ ಅಂದ್ಯಲ್ಲಜ್ಜಿ?"

"ಕಾಣಲ್ಲ. ಕೇಳ್ತದೆ," ಅಂದಳು. ಹಾಗೇ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಯ ಹತ್ತಿರಕ್ಕೆ ಎಳೆದುಕೊಂಡು, ಚೆನ್ನಾಗಿ ಅಲ್ಲಾಡಿಸಿದಳು.

"ಇದಿನ್ನೂ ನೀರು. ಮ್ಯಾಕ್ ಹಾಕಿ."